ಬೀಗ ಹಾಕಿ ಹೋದವನು

ಮಂಗಳವಾರ ಬೆಳಗ್ಗೆ ಹತ್ತೂವರೆಗೆ ಠಾಣೆಗೆ ಬಂದ ದೂರಿನಲ್ಲಿ, ಕಳುವಾದ ವಸ್ತುಗಳ ವಿವರ ಬರೆಯುವ ಜಾಗ ಖಾಲಿ ಇತ್ತು. ದಫೇದಾರರು ಅದನ್ನು ಎರಡು ಸಲ ಓದಿ, ಕನ್ನಡಕವನ್ನು ಹಣೆಗೇರಿಸಿ, ಎದುರಿಗೆ ಕೂತಿದ್ದ ಹೊರದೇಶದ ದಂಪತಿಯನ್ನು ನೋಡಿದರು.

“ಏನೂ ಹೋಗಿಲ್ಲ ಅಂತೀರಿ.”

“ಏನೂ ಹೋಗಿಲ್ಲ,” ಎಂದರು ಹೆಂಡತಿ. “ಶನಿವಾರ ನಾವು ಇಲ್ಲದಾಗ ಯಾರೋ ಒಬ್ಬರು ಬಂದು ನನ್ನ ಕುರ್ಚಿಯಲ್ಲಿ ಕುಳಿತು ಹೋಗಿದ್ದಾರೆ. ಇದು ನಾಲ್ಕನೆಯ ಸಲ. ನಾವು ಬಹಳ ಭಯಗೊಂಡಿದ್ದೇವೆ.”

“ಕುರ್ಚಿ ಮುರಿದಿದಾರಾ?”

“ಇಲ್ಲ. ಕಿಟಕಿಯ ಕಡೆಗೆ ತಿರುಗಿಸಿದ್ದಾರೆ.”

ದಫೇದಾರರು ಪೆನ್ನಿನ ತುದಿಯಿಂದ ಕಿವಿ ಕೆರೆದುಕೊಂಡರು. ಕುರ್ಚಿ ತಿರುಗಿಸಿದ್ದಕ್ಕೆ ಯಾವ ಕಲಮು ಹಾಕಬೇಕೆಂದು ಇಷ್ಟು ವರ್ಷದ ನೌಕರಿಯಲ್ಲಿ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಒಳಗಿನ ಕೋಣೆಯಲ್ಲಿ ಕೂತು ಇನ್‌ಸ್ಪೆಕ್ಟರ್ ಇದನ್ನೆಲ್ಲ ಕೇಳುತ್ತಿದ್ದಳು. ಆ ಮನೆ ಅವಳಿಗೆ ಗೊತ್ತು. ಜೀಪು ಕೆರೆಯ ತಿರುವು ದಾಟುವಾಗಲೆಲ್ಲ ಹುಲ್ಲುಗುಡ್ಡದ ನೆತ್ತಿಯ ಮೇಲೆ, ಯಾರೋ ಕನ್ನಡಿ ಮರೆತು ಹೋದ ಹಾಗೆ, ಅದರ ಕಿಟಕಿಗಳು ಮಿನುಗುತ್ತಿದ್ದವು. ಆ ಮನೆಯೊಳಗೆ ಮಧ್ಯಾಹ್ನ ಹೇಗಿರಬಹುದು, ಯಾವ ಗೋಡೆಯ ಮೇಲೆ ಬಿಸಿಲು ಬೀಳಬಹುದು ಎಂದು ಅವಳು ಎಷ್ಟೋ ಸಲ ಮನಸ್ಸಿನಲ್ಲೇ ಓಡಾಡಿ ಬಂದಿದ್ದಳು. ‘ಖಾಕಿ ಹಾಕಿದ ಮೇಲಾದ್ರೂ ಇವಳ ಹಗಲುಗನಸು ಬಿಡುತ್ತೆ ಅಂದ್ಕೊಂಡಿದ್ದೆ’ ಎಂದು ಅವಳ ಅಮ್ಮ ಈಗಲೂ ನಿಟ್ಟುಸಿರು ಬಿಡುವುದುಂಟು.

ಅವಳು ಎದ್ದು ಹೊರಗೆ ಬಂದಳು. “ಮನೆ ಅತಿಕ್ರಮ ಪ್ರವೇಶ ಅಂತ ಬರ್ಕೊಳ್ಳಿ, ದಫೇದಾರ್ರೇ. ಎಫ್‌ಐಆರ್ ಮಾಡಿ.”

ಇಷ್ಟು ಹೊತ್ತು ಸುಮ್ಮನಿದ್ದ ಗಂಡ ಆಗ ಬಾಯಿ ತೆರೆದರು. “ಈ ತಿಂಗಳ ಕೊನೆಗೆ ನಾವು ಮನೆ ಬಿಟ್ಟು ನಮ್ಮ ದೇಶಕ್ಕೆ ಹೊರಡುತ್ತೇವೆ.”

“ಇವರು ಹೊರಡುತ್ತಾರೆ,” ಎಂದರು ಹೆಂಡತಿ ನೆಲ ನೋಡುತ್ತ. “ನನಗೆ ಮನಸ್ಸಿಲ್ಲ. ಬರುವವರು ಯಾರು ಎಂದು ಅಷ್ಟರೊಳಗೆ ತಿಳಿದರೆ ನಾವು ಉಳಿಯುತ್ತೇವೆ. ಹಾಗೆಂದು ನಮ್ಮಿಬ್ಬರಲ್ಲಿ ಒಪ್ಪಂದವಾಗಿದೆ.”

ಅವರು ಹೋದ ಮೇಲೆ ದಫೇದಾರರು, “ಅಮ್ಮಾವ್ರು ಮಾತಾಡಿದ್ರೆ ಪುಸ್ತಕದ ಪುಟ ತಿರುಗಿಸಿದ ಸದ್ದೂ ಕೇಳ್ಸುತ್ತೆ, ಮೇಡಂ,” ಎಂದರು.

ಅಂದೇ ಮಧ್ಯಾಹ್ನ ಜೀಪು ಗುಡ್ಡ ಹತ್ತಿತು. ಗಾಳಿಗೆ ಹುಲ್ಲು ಒಂದೇ ಕಡೆ ಬಾಗಿ, ಮತ್ತೆ ಏಳುತ್ತಿತ್ತು. ಇಡೀ ಗುಡ್ಡವೇ ನಿದ್ದೆಯಲ್ಲಿ ಉಸಿರಾಡುತ್ತಿದೆ ಎನ್ನಿಸುವಂತಿತ್ತು. ಹತ್ತಿರದ ಮನೆಯೆಂದರೆ ಕೆಳಗೆ ಕೆರೆಯಂಚಿನ ಹಳ್ಳಿಯದು. ಅಲ್ಲಿಂದ ಕೂಗಿದರೆ ಇಲ್ಲಿಗೆ ಕೇಳದು.

ಮನೆಯ ಸುತ್ತ ತಂತಿ ಬೇಲಿ. ಗೇಟಿಗೆ ಎರಡು ಬೀಗ. ಕಿಟಕಿಗಳಿಗೆ ಕಬ್ಬಿಣದ ಸರಳು. ಸೂರಿನ ನಾಲ್ಕು ಮೂಲೆಗೂ ಕ್ಯಾಮೆರಾ. ಅಲುಗಾಟ ಕಂಡರೆ ತಾನಾಗಿ ಹೊತ್ತಿಕೊಳ್ಳುವ ದೀಪಗಳು. ಹಗಲಲ್ಲೂ, ಒಂದು ಮೋಡದ ನೆರಳು ಅಂಗಳ ದಾಟಿದರೆ, ಒಂದೊಂದಾಗಿ ಹೊತ್ತಿ ಒಂದೊಂದಾಗಿ ಆರುತ್ತಿದ್ದವು. ಇನ್ನು ನಾಯಿ. ನೋಡುವುದಕ್ಕೆ ಸಿಂಹದಂತಿದ್ದ ಅದು ಬಂದು ದಫೇದಾರರ ಬೂಟಿನ ಮೇಲೆ ಗದ್ದ ಊರಿ ಮಲಗಿಬಿಟ್ಟಿತು.

“ಕಳ್ಳ ಬಂದ್ರೆ ಇದೇ ಚಾಪೆ ಹಾಸಿಕೊಡುತ್ತೆ,” ಎಂದರು ಅವರು.

“ಪ್ರತಿ ಸಲ ಅವನು ಬಂದು ಹೋದ ಮೇಲೆ ಒಂದೊಂದು ಹಾಕಿಸಿದೆವು,” ಎಂದರು ಗಂಡ. “ಮೊದಲು ಸರಳು, ಆಮೇಲೆ ಕ್ಯಾಮೆರಾ, ಆಮೇಲೆ ದೀಪ.”

“ಯಾರು ಹಾಕಿದ್ದು?”

“ಬೀಗದಣ್ಣ. ಬಹಳ ಒಳ್ಳೆಯ ಮನುಷ್ಯ. ನಾನು ಇನ್ನೂ ಬೇಕು ಎಂದರೆ, ಇಷ್ಟು ಸಾಕು ಎನ್ನುತ್ತಾನೆ.”

ಹಳ್ಳಿಯವರೆಲ್ಲ ಹಾಗೇ ಕರೆಯುವ ಬೀಗದಣ್ಣನನ್ನು ಇನ್‌ಸ್ಪೆಕ್ಟರ್ ಬಲ್ಲಳು. ಠಾಣೆಯ ಬೀರುವಿನ ಬೀಗ ಕೈಕೊಟ್ಟಾಗ ಬಂದಿದ್ದವನು. ಪೊದೆಮೀಸೆ, ಕಡಿಮೆ ಮಾತು.

ಪಂಚನಾಮೆ ನಡೆಯಿತು. ಕುರ್ಚಿ ಮುಂದಿನ ಕೋಣೆಯಲ್ಲಿತ್ತು. ಸವೆದ ಹಸಿರು ಬಟ್ಟೆಯದು. ಕಿಟಕಿಯಾಚೆ ಗುಡ್ಡದ ಇಳಿಜಾರು, ಕೆಳಗೆ ಕೆರೆ. ಇನ್‌ಸ್ಪೆಕ್ಟರ್ ಅದರ ಬೆನ್ನಿನ ಮೇಲೆ ಕೈಯಿಟ್ಟು ನಿಂತಳು. ಬಂದವನು ಬೀರು ತೆಗೆದಿಲ್ಲ, ಹಾಸಿಗೆ ಎತ್ತಿಲ್ಲ. ಕೂತಿದ್ದಾನೆ. ನೋಡಿದ್ದಾನೆ. ಕಳ್ಳನಿಗೆ ಇಷ್ಟೊಂದು ಪುರುಸೊತ್ತು ಇರುವುದಿಲ್ಲ. ಇದು ತನ್ನ ಮನೆಗೆ ಬಂದವನ ಕೂರುವಿಕೆ.

ಹೊರಡುವಾಗ ದಫೇದಾರರು ಮುಂಬಾಗಿಲನ್ನು ಎಳೆದುಕೊಂಡರು. ಬಾಗಿಲು ಮುಚ್ಚಿತು, ಗಾಳಿ ಬೀಸಿದ್ದೇ ತೆರೆದುಕೊಂಡಿತು. ಮತ್ತೆ ಎಳೆದರು. ಮತ್ತೆ ತೆರೆದುಕೊಂಡಿತು.

“ಬಾಗಿಲಿಗೂ ನನ್ನ ಕಂಡ್ರೆ ಸಸಾರ,” ಎಂದು ಗೊಣಗಿದರು.

ಗಂಡ ಮೊದಲ ಸಲ ನಕ್ಕರು. ಆ ಬಾಗಿಲು ಅವರ ದೇಶದಿಂದಲೇ ಹಡಗಿನಲ್ಲಿ ಬಂದದ್ದು. ಎಳೆದುಕೊಂಡು, ಹಿಡಿಯನ್ನು ಮೇಲಕ್ಕೆತ್ತಬೇಕು. ಎತ್ತಿದರೆ ಮೇಲೆ, ಕೆಳಗೆ, ನಡುವೆ ಕೊಂಡಿಗಳು ಕೂರುತ್ತವೆ. ಮತ್ತೆ ತೆರೆಯಲು ಕೀಲಿ ಬೇಕು. “ನಾನೇ ಕೂಡಿಸಿದೆ,” ಎಂದು ಹೆಮ್ಮೆಯಿಂದ ಎತ್ತಿ ತೋರಿಸಿದರು. “ಇಲ್ಲಿ ಯಾರಿಗೂ ಇದು ಗೊತ್ತಿಲ್ಲ. ಕೆಲಸಕ್ಕೆ ಬರುವವರು ಅಡುಗೆಮನೆಯ ಬಾಗಿಲಿನಿಂದ ಬರುತ್ತಾರೆ. ಆ ಬಾಗಿಲ ಬೀಗ ಮಾತ್ರ ಇಲ್ಲಿಯದು.”

ಅವರು ಎತ್ತುವುದನ್ನು ನೋಡಿ ಹೆಂಡತಿಯ ಮುಖ ಯಾಕೋ ಮಂಕಾಯಿತು. ಆಕೆ ಗಂಡನಿಗೆ ತಮ್ಮ ಭಾಷೆಯಲ್ಲಿ ಏನೋ ಕೇಳಿದರು. ಅವರು ತಲೆಯಾಡಿಸಿದರು. ಆಕೆಯ ದನಿ ಏರಿತು, ಅವರದೂ ಏರಿತು. ಭಾಷೆ ಗೊತ್ತಿಲ್ಲದಿದ್ದರೂ ಜಗಳ ಗಂಡ ಹೆಂಡಿರದೇ ಎಂಬುದು ದಫೇದಾರರಿಗೆ ಚೆನ್ನಾಗಿ ಅರ್ಥವಾಗಿ, ಅವರು ಮರ್ಯಾದೆಗೆ ನಾಯಿಯ ಕಡೆ ನೋಡತೊಡಗಿದರು.

“ಏನಾಯ್ತಮ್ಮ?” ಎಂದಳು ಇನ್‌ಸ್ಪೆಕ್ಟರ್.

“ಶನಿವಾರ ಪೇಟೆಗೆ ಹೊರಟಾಗ ಇವರು ಬಾಗಿಲನ್ನು ಎಳೆದರು ಅಷ್ಟೆ. ಚೀಲಗಳು ಎರಡು ಕೈಯಲ್ಲೂ ಇದ್ದವು. ನಾನು ಎತ್ತುತ್ತೇನೆ ಎಂದು ಇವರು ತಿಳಿದರು, ಇವರು ಎತ್ತಿದರು ಎಂದು ನಾನು ತಿಳಿದೆ. ಯಾರೂ ಎತ್ತಲಿಲ್ಲ.”

“ವಾಪಸ್ ಬಂದಾಗ?”

“ಕೀಲಿ ಹಾಕಿ ತೆರೆದೆವು.”

ಅಂಗಳದ ದೀಪವೊಂದು ಹೊತ್ತಿ ಆರಿತು.

“ಬೀಗ ಒಡೆಯೋ ಕಳ್ಳರನ್ನ ನೋಡಿದೀನಿ, ಮೇಡಂ,” ಎಂದರು ದಫೇದಾರರು ನಿಧಾನವಾಗಿ. “ತೆರೆದ ಬಾಗಿಲಿಗೆ ಬೀಗ ಹಾಕಿ ಹೋಗೋ ಪುಣ್ಯಾತ್ಮನ್ನ ಇದೇ ಮೊದಲು.”

ಬುಧವಾರ ಬೆಳಗ್ಗೆ ಕ್ಯಾಮೆರಾದ ಚಿತ್ರಗಳನ್ನು ನೋಡಿದರು. ಶನಿವಾರ ಮಧ್ಯಾಹ್ನದ ಒಂದಷ್ಟು ಹೊತ್ತು ಏನೂ ದಾಖಲಾಗಿರಲಿಲ್ಲ. ಅಲ್ಲಾಡುವ ಹುಲ್ಲು, ಆಮೇಲೆ ಕಪ್ಪು, ಆಮೇಲೆ ಮತ್ತೆ ಹುಲ್ಲು. ಕರೆಂಟು ಹೋಗಿತ್ತು ಎಂದು ಬೀಗದಣ್ಣ ಹೇಳಿದ್ದನಂತೆ. ಇನ್‌ಸ್ಪೆಕ್ಟರ್ ವಿದ್ಯುತ್ ಕಚೇರಿಗೆ ಫೋನು ಮಾಡಿದಳು.

“ಶನಿವಾರವಾ?” ಎಂದ ಲೈನ್‌ಮನ್. “ಅವತ್ತೊಂದಿನ ಹೋಗಿರ್ಲಿಲ್ಲ, ಮೇಡಂ. ನಮಗೇ ಆಶ್ಚರ್ಯ ಆಗಿತ್ತು.”

ಬೀಗದಣ್ಣನ ಅಂಗಡಿ ಹಳ್ಳಿಯ ಬಸ್ ನಿಲ್ದಾಣದ ಪಕ್ಕದಲ್ಲಿತ್ತು. ಗೋಡೆ ತುಂಬ ಮೊಳೆ, ಮೊಳೆ ತುಂಬ ಕೀಲಿ. ಗಾಳಿಗೆ ಅವೆಲ್ಲ ಒಂದಕ್ಕೊಂದು ತಾಗಿ ಸಣ್ಣಗೆ ಕಿಣಿಗುಡುತ್ತಿದ್ದವು. ಅವನು ಸ್ಟೂಲು ಒರೆಸಿ ಕೊಟ್ಟ.

“ಗುಡ್ಡದ ಮನೆಗೆ ಎಷ್ಟು ಸಲ ಹೋಗಿದೀಯ?”

“ಕರೆದಾಗೆಲ್ಲ.”

“ಕರೆಯೋದು ಯಾವಾಗ?”

“ಯಾರೋ ಬಂದ್ರು ಅಂತ ಹೆದರಿದಾಗ. ಎಲ್ಲ ನೋಡಿ, ಸರಿ ಮಾಡಿ, ಸಾಯಂಕಾಲ ಬರ್ತೀನಿ.”

“ಎಲ್ಲ ನೋಡೋಕೆ ಸಾಯಂಕಾಲದವರೆಗೆ ಬೇಕಾ?”

“ಅವರು ಕೂತ್ಕೋ ಅಂತಾರೆ. ಕೂತ್ಕೊಳ್ತೀನಿ.”

“ಅವರವರೇ ಮಾತಾಡೋದು ನಿನಗೆ ಅರ್ಥ ಆಗುತ್ತಾ?”

ಅವನು ಕೈಯಲ್ಲಿದ್ದ ಅರವನ್ನು ಕೆಳಗಿಟ್ಟ. “ಇಲ್ಲ.”

“ಆ ಮುಂಬಾಗಿಲ ಬೀಗ?”

“ಅದಕ್ಕೆ ಕೈ ಹಾಕಿಲ್ಲ. ಸಾಹೇಬ್ರೇ ಕೂಡಿಸಿದ್ದು.”

ಪಕ್ಕದಂಗಡಿಯ ದರ್ಜಿ ಕೇಳದಿದ್ದರೂ ಹೇಳಿದ: “ಅವನು ಹೊರದೇಶದಲ್ಲೇ ಅರ್ಧ ಆಯಸ್ಸು ಕಳೆದು ಬಂದೋನು, ಮೇಡಂ. ಬಂದು ಏಳೆಂಟು ವರ್ಷ ಆಯ್ತು. ಯಾವ ದೇಶ ಅಂದ್ರೆ, ‘ದೂರ’ ಅಂತಾನೆ. ಇನ್ನೂ ಕೆದಕಿದ್ರೆ ಸಾಣೆ ಚಕ್ರ ಆನ್ ಮಾಡ್ತಾನೆ.”

ಗುರುವಾರ ಮೂರು ಗಂಟೆಗೆ, ಕ್ಯಾಮೆರಾ ಪರೀಕ್ಷೆಯ ನೆಪದಲ್ಲಿ, ಬೀಗದಣ್ಣನನ್ನು ಗುಡ್ಡದ ಮನೆಗೆ ಕರೆಸಲಾಯಿತು. ಅವನು ಏಣಿ ಹತ್ತಿ ತಂತಿಗಳನ್ನು ನೋಡಿದ. ಒಳಗೆ ಗಂಡ ಹೆಂಡತಿ ತಮ್ಮ ಭಾಷೆಯಲ್ಲಿ ಮೆಲ್ಲಗೆ ಮಾತಾಡುತ್ತಿದ್ದರು. ಪಾತ್ರೆಗಳ ಸದ್ದು, ಒಂದು ಸಣ್ಣ ನಗು. ಇನ್‌ಸ್ಪೆಕ್ಟರ್ ಕೆಳಗೆ ನಿಂತು ಅವನ ಮುಖ ನೋಡುತ್ತಿದ್ದಳು. ಕೈ ಕೆಲಸ ನಿಲ್ಲಿಸಿತ್ತು. ಜೋಗುಳ ಕೇಳುವ ಮಗುವಿನ ಕಣ್ಣಿನಂತೆ ಅವನ ಕಣ್ಣು ಅರೆಮುಚ್ಚಿತ್ತು. ಅವಳಿಗೆ ಯಾಕೋ ಈ ತನಿಖೆಯನ್ನು ಇಲ್ಲಿಗೇ ಬಿಟ್ಟು ಗುಡ್ಡ ಇಳಿದು ಹೋಗಿಬಿಡೋಣ ಎನ್ನಿಸಿತು. ಆದರೆ ತಿಂಗಳ ಕೊನೆ ಹತ್ತಿರವಿತ್ತು. ಹಜಾರದಲ್ಲಿ ಎರಡು ಪೆಟ್ಟಿಗೆಗಳು ಅರ್ಧ ತುಂಬಿ ಕೂತಿದ್ದವು.

ಕೆಲಸ ಮುಗಿಸಿ, ಒಳಗೆ ಹೋಗಿ ಕ್ಯಾಮೆರಾದ ಪರದೆ ನೋಡಿ, ಎಲ್ಲರೂ ಮುಂಬಾಗಿಲಿನಿಂದ ಹೊರಗೆ ಬಂದರು. ಬೀಗದಣ್ಣ ಕೊನೆಯವನು.

“ಬಾಗಿಲು ಹಾಕ್ಕೊಂಡು ಬಾ,” ಎಂದಳು ಇನ್‌ಸ್ಪೆಕ್ಟರ್, ಹಿಂದಿರುಗಿ ನೋಡದೆ.

ಬಾಗಿಲು ಮುಚ್ಚಿದ ಸದ್ದು. ಅದರ ಬೆನ್ನಿಗೇ, ಕೊಂಡಿಗಳು ಕೂತ ಮೆತ್ತನೆಯ ಸದ್ದು. ಆಮೇಲೆ, ಕೂತಿತೋ ಇಲ್ಲವೋ ಎಂದು ಎರಡು ಸಲ ಜಗ್ಗಿ ನೋಡಿದ ಸದ್ದು.

ಅವಳು ತಿರುಗಿದಳು. ಅವನ ಕೈ ಇನ್ನೂ ಹಿಡಿಯ ಮೇಲೇ ಇತ್ತು.

“ಮೇಲಕ್ಕೆ ಎತ್ತಬೇಕು ಅಂತ ಯಾರು ಹೇಳಿಕೊಟ್ರು?”

ಅವನು ತನ್ನ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡಿದ.

“ಶನಿವಾರ ಬಾಗಿಲು ತೆರೆದಿತ್ತು. ಬಂದೋನು ಹಾಕಿ ಹೋಗಿದಾನೆ. ಯಾಕೆ?”

ಅವನು ಹಿಡಿಯಿಂದ ಕೈ ತೆಗೆದ. ಮನೆಯಾಕೆಯ ಕಡೆ ತಿರುಗಿ, ಆಕೆಯದೇ ಭಾಷೆಯಲ್ಲಿ, ಒಂದು ಸಲವೂ ತಡವರಿಸದೆ ಏನೋ ಹೇಳಿದ. ಆಕೆ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಗಂಡನ ಮುಖದಲ್ಲಿ ಕೋಪ ಬರಲು ಹೊರಟು ದಾರಿಯಲ್ಲೇ ನಿಂತಿತು.

“ಏನಂತಾನೆ?”

“ಬಾಗಿಲು ಗಾಳಿಗೆ ಬಡಿದುಕೊಳ್ಳುತ್ತಿತ್ತು,” ಎಂದು ಆಕೆ ಒಂದೊಂದೇ ಮಾತು ಆರಿಸಿ ಹೇಳಿದರು. “ಯಾರಾದರೂ ಬಂದುಬಿಟ್ಟರೆ ನಿಮಗೆ ತೊಂದರೆ ಎಂದು ಹಾಕಿದೆ, ಎನ್ನುತ್ತಾನೆ.”

ಅವನ ಅಂಗಿಯ ಒಳಜೇಬಿನಲ್ಲಿ ಗೇಟಿನ ಬೀಗಗಳದೂ ಅಡುಗೆಮನೆಯ ಬಾಗಿಲದೂ ಇನ್ನೊಂದು ಕೀಲಿಗೊಂಚಲು ಸಿಕ್ಕಿತು. ಪಂಚರ ಮುಂದೆ ಅದನ್ನು ವಶಪಡಿಸಿಕೊಂಡು, ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಅವನನ್ನು ಬಂಧಿಸಲಾಯಿತು. ಅವನು ಏಣಿಯನ್ನು ಮಡಚಿ ಗೋಡೆಗೆ ಒರಗಿಸಿಟ್ಟೇ ಜೀಪು ಹತ್ತಿದ.

ಆಕೆ ಇನ್‌ಸ್ಪೆಕ್ಟರ ತೋಳು ಮುಟ್ಟಿದರು. “ಅವನು ಇಷ್ಟು ದಿನ ನಮ್ಮ ಮಾತುಗಳನ್ನೆಲ್ಲ ಕೇಳಿಸಿಕೊಂಡನೇ?”

“ಎಲ್ಲ.”

“ಅವನ ಮೀಸೆಯ ವಿಷಯವೂ?”

“ಅದೇನೋ ನನಗೆ ಗೊತ್ತಿಲ್ಲಮ್ಮ. ಅವನಿಗೆ ಗೊತ್ತಿರುತ್ತೆ.”

ಆಕೆಯ ಕೆನ್ನೆ ಕೆಂಪಾಯಿತು. ಬಹಳ ಹೊತ್ತು ಹುಲ್ಲಿನ ಕಡೆ ನೋಡಿ ಕೇಳಿದರು: “ಈಗ ನಾವು ಇನ್ನೇನು ಹಾಕಿಸಬೇಕು? ಇನ್ನೂ ಒಂದು ಬೀಗ?”

“ಬೀಗ ಸಾಕು. ಕೆಳಗಿನ ಹಳ್ಳಿಯವರು ಯಾರಾದ್ರೂ ದಿನಾ ಒಂದ್ಸಲ ಬಂದು ಹೋಗೋ ಹಾಗೆ ಮಾಡ್ಕೊಳ್ಳಿ. ನೀವೂ ಇಳಿದು ಹೋಗಿ ಬನ್ನಿ. ಮನೆ ಒಂಟಿಯಾಗಿದ್ರೆ ಎಷ್ಟು ಬೇಲಿ ಹಾಕಿದ್ರೂ ಅದು ಒಂಟಿಯೇ.” ಹೇಳಿದ ಮೇಲೆ ಅವಳಿಗೆ ತನ್ನ ಕ್ವಾರ್ಟರ್ಸಿನ ಬಾಗಿಲ ಎರಡು ಚಿಲಕಗಳು ನೆನಪಾದವು.

ಜೀಪು ಹೊರಡುವಾಗ ಗಂಡ ಒಂದು ಪೆಟ್ಟಿಗೆಯನ್ನು ಎತ್ತಿಕೊಂಡು ಒಳಕೋಣೆಗೆ ವಾಪಸ್ ಒಯ್ಯುತ್ತಿದ್ದುದು ಕಿಟಕಿಯಲ್ಲಿ ಕಂಡಿತು.

ಠಾಣೆಯಲ್ಲಿ ಅವನು ಹೇಳಿಕೆ ಕೊಟ್ಟ. ದಫೇದಾರರು ಬರೆದುಕೊಂಡರು. ಆ ದೇಶದಲ್ಲಿ ಅವನು ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲ ಬೇರೆಯವರ ಮನೆಗಳಿಗೆ ಬೀಗ ಕೂಡಿಸುತ್ತಿದ್ದ. ಅಲ್ಲಿಯವಳೇ ಹೆಂಡತಿ. ಒಬ್ಬಳು ಮಗಳು. ಹೆಂಡತಿ ಅವನ ಜೊತೆ ಬಾಳಲಾರೆ ಎಂದಳು; ಮಗಳು ಬೆಳೆದು ಫೋನು ಎತ್ತುವುದನ್ನು ಬಿಟ್ಟಳು. ಅವನು ಇಲ್ಲಿಗೆ ಬಂದ. ಇಲ್ಲಿ ಅವನಿಗೆ ಯಾವ ಮನೆಯ ಗದ್ದಲವೂ ತನ್ನದು ಎನ್ನಿಸಲಿಲ್ಲ. ಒಂದು ದಿನ ಗುಡ್ಡದ ಮನೆಗೆ ಬೀಗ ಕೂಡಿಸಲು ಹೋದಾಗ, ಒಳಗೆ ಯಾರೋ ಯಾರಿಗೋ ‘ಚಳಿ ಗಾಳಿ, ಕಿಟಕಿ ಹಾಕು’ ಎಂದರು. ಅದೇ ಭಾಷೆಯಲ್ಲಿ, ಅದೇ ಬೇಸರದ ದನಿಯಲ್ಲಿ.

“ಭಾಷೆ ಬರುತ್ತೆ ಅಂತ ಅವರಿಗೆ ಹೇಳಿದ್ರೆ ಆಗ್ತಿತ್ತಲ್ಲ?” ಎಂದಳು ಇನ್‌ಸ್ಪೆಕ್ಟರ್. “ಜೊತೆಯಲ್ಲಿ ಕೂರಿಸ್ಕೊಂಡು ಮಾತಾಡೋರು.”

“ಮಾತಾಡೋರು. ನೆಂಟರ ಹತ್ರ ಮಾತಾಡೋ ಹಾಗೆ.” ಅವನು ಬೆರಳುಗಳನ್ನು ಮಡಚಿ ಬಿಡಿಸಿದ. “ನನಗೆ ಮನೆಯವರ ಹತ್ರ ಮಾತಾಡೋ ಹಾಗೆ ಕೇಳಬೇಕಿತ್ತು.”

ಮೊದಲ ಸಲ ಕೂತದ್ದು ಸುಮ್ಮನೆ. ಕುರ್ಚಿ ತಿರುಗಿದ್ದಕ್ಕೆ ಹೆದರಿ ಅವರು ಅವನನ್ನೇ ಕರೆಸಿದರು, ಸಂಜೆಯವರೆಗೆ ಬಿಡಲಿಲ್ಲ. ಆಮೇಲಿನ ಸಲಗಳಲ್ಲಿ ಅವನು ಕುರ್ಚಿ ತಿರುಗಿಸಿದ್ದು ಕರೆಸಿಕೊಳ್ಳಲಿಕ್ಕೆ. ತಾನು ಕೂಡಿಸಿದ ಕ್ಯಾಮೆರಾ ತಾನೇ ಆರಿಸಿದ. ಕಳೆದ ವಾರ ಅವರು ಅವನೆದುರೇ ದೇಶಕ್ಕೆ ಹೊರಡುವ ಮಾತಾಡಿದರು. ಬೇಡ ಎನ್ನಲು ಅವನಿಗೆ ಭಾಷೆ ಇತ್ತು, ಬಾಯಿ ಇರಲಿಲ್ಲ. ಶನಿವಾರ ಬಂದದ್ದು ಕೊನೆಯ ಸಲ ಕೂತು ಹೋಗಲು.

“ನಿನ್ನಿಂದಾನೇ ಹೊರಟಿದ್ರು ಅವರು,” ಎಂದರು ದಫೇದಾರರು, ಬರೆಯುವುದನ್ನು ನಿಲ್ಲಿಸಿ.

“ಗೊತ್ತು,” ಎಂದ.

ಜಾಮೀನು ಸಿಗುವ ಅಪರಾಧ. ಆದರೆ ಜಾಮೀನು ಕೊಡುವವರು ಯಾರೆಂದು ಕೇಳಿದಾಗ ಅವನಿಗೆ ಯಾವ ಹೆಸರೂ ಹೊಳೆಯಲಿಲ್ಲ. ನಾಳೆ ನೋಡೋಣ ಎಂದ. ದಫೇದಾರರು ಅವನನ್ನು ಲಾಕಪ್ಪಿನೊಳಗೆ ಬಿಟ್ಟು, ಬೀಗ ಜಡಿದು, ಕೀಲಿಯನ್ನು ಜೇಬಿಗೆ ಹಾಕಿಕೊಂಡು ಕೈತೊಳೆಯಲು ಹೋದರು.

ಇನ್‌ಸ್ಪೆಕ್ಟರ್ ತನ್ನ ಮೇಜಿನಿಂದ ನೋಡಿದಳು. ಅವನು ಸರಳಿನ ಸಂದಿಯಿಂದ ಕೈ ಹೊರಗೆ ಚಾಚಿ, ಬೀಗವನ್ನು ಹಿಡಿದು, ಕೂತಿದೆಯೋ ಇಲ್ಲವೋ ಎಂದು ಎರಡು ಸಲ ಜಗ್ಗಿ ನೋಡಿದ. ಆಮೇಲೆ ಹೋಗಿ ಗೋಡೆಗೊರಗಿ, ಕಿಟಕಿಯ ಕಡೆ ಮುಖ ಮಾಡಿ ಕೂತ.