ಅಣ್ಣನ ಹೆಸರಿನಲ್ಲಿ

ಹನ್ನೊಂದು ವರ್ಷದ ಹಿಂದೆ ಅಣ್ಣ ಅವನ ಮೇಲೆ ಒಂದೂವರೆ ಪುಟದ ವರದಿ ಬರೆದಿದ್ದ. ಆಗ ಇಬ್ಬರೂ ಒಂದೇ ಬ್ಯಾಂಕಿನ ಕಂಪ್ಯೂಟರ್ ವಿಭಾಗದಲ್ಲಿದ್ದರು. ಅಣ್ಣ ವಿಭಾಗದ ಮುಖ್ಯಸ್ಥ, ಅವನು ಕೊನೆಯ ಸಾಲಿನ ತಂತ್ರಜ್ಞ. ಅವನು ಮಾಡಿದ್ದಾದರೂ ಏನು? ಪರಿಚಯದವನೊಬ್ಬ ಕೇಳಿದನೆಂದು ಯಾರದೋ ಖಾತೆಯೊಳಗೆ ಇಣುಕಿ, ಎಷ್ಟಿದೆಯೆಂದು ಹೇಳಿದ್ದ. ಒಂದು ಕಾಸೂ ಆಚೀಚೆ ಆಗಿರಲಿಲ್ಲ. ಅಣ್ಣ ಮನೆಗೆ ಕರೆಸಿ ಬೈಯಬಹುದಿತ್ತು, ಬೇಕಾದರೆ ಕಪಾಳಕ್ಕೆ ಎರಡು ಬಿಟ್ಟು ಮುಚ್ಚಿಹಾಕಬಹುದಿತ್ತು. ಹಾಗೆ ಮಾಡಲಿಲ್ಲ. ಪ್ರತಿ ಸಾಲನ್ನೂ ತೂಗಿ ಬರೆದು, ಕೆಳಗೆ ಸಹಿ ಹಾಕಿ, ಮೇಲಿನವರಿಗೆ ಕಳಿಸಿದ. 'ಸದರಿ ನೌಕರನು ನನ್ನ ಒಡಹುಟ್ಟಿದವನಾಗಿದ್ದರೂ' ಎಂದು ಶುರುವಾಗುವ ಆ ವಾಕ್ಯ ಅವನಿಗೆ ಇವತ್ತಿಗೂ ಬಾಯಿಪಾಠ.

ಕೆಲಸ ಹೋಯಿತು, ಆ ಕಡತ ಮಾತ್ರ ಅವನ ಬೆನ್ನು ಬಿಡಲಿಲ್ಲ. ಯಾವ ಬ್ಯಾಂಕೂ ಒಳಗೆ ಬಿಟ್ಟುಕೊಳ್ಳಲಿಲ್ಲ. ಅಂಗಡಿಗಳ ಬಿಲ್ಲಿನ ಯಂತ್ರ ರಿಪೇರಿ ಮಾಡುತ್ತ, ಮೊಣಕಾಲೂರಿ ಮೇಜಿನಡಿಯ ವೈರುಗಳನ್ನು ಬಿಡಿಸುತ್ತ ನಲವತ್ತು ದಾಟಿದ. ಅಣ್ಣ ಪೂರ್ತಿ ಗೌರವದೊಂದಿಗೆ ನಿವೃತ್ತನಾದ. ಸಿಬ್ಬಂದಿಯೆಲ್ಲ ಅವನನ್ನು 'ಯಜಮಾನ್ರು' ಎಂದೇ ಕರೆಯುತ್ತಿದ್ದರು. ಬೀಳ್ಕೊಡುಗೆಯ ದಿನ ಕಣ್ಣೀರು ಹಾಕಿದವರೂ ಇದ್ದರಂತೆ.

ಪರದೇಶದ ಮೂವರು ಅವನಿಗೆ ಸಿಕ್ಕಿದ್ದು ಇಂಟರ್ನೆಟ್ಟಿನ ಒಂದು ಮೂಲೆಯಲ್ಲಿ. ಅವರ ಮುಖ ಅವನು ನೋಡಿಲ್ಲ, ಅಡ್ಡಹೆಸರು ಮಾತ್ರ ಗೊತ್ತು. 'ನೇಕಾರ' ಎಂಬುವನು ಮಾಲ್‌ವೇರ್, ಅಂದರೆ ಕಂಪ್ಯೂಟರಿಗೆ ನುಗ್ಗಿ ಕದಿಯುವ ಹುಳ, ಬರೆಯುತ್ತಿದ್ದ. 'ಅಂಚೆಯವ' ಅದನ್ನು ಬಾಕಿ ಬಿಲ್ಲಿನ ಪತ್ರದಂತೆ ಸಿಂಗರಿಸಿ ಸಣ್ಣ ಕಂಪನಿಗಳಿಗೆ ಕಳಿಸುತ್ತಿದ್ದ. 'ದಲಾಲಿ' ಕದ್ದ ಹಣ ಬಂದು ಬೀಳಲು ಬಾಡಿಗೆ ಖಾತೆಗಳನ್ನು ಹೊಂದಿಸುತ್ತಿದ್ದ. ಪತ್ರ ತೆರೆದ ಗುಮಾಸ್ತನ ಕಂಪ್ಯೂಟರಿನಲ್ಲಿ ಆ ಹುಳ ತಣ್ಣಗೆ ಕೂತು, ಅವನು ಬ್ಯಾಂಕಿನ ಪುಟ ತೆರೆಯುವುದನ್ನೇ ಕಾಯುತ್ತಿತ್ತು. ಆದರೆ ಬ್ಯಾಂಕಿನ ಒಳಗಿನ ನಡೆ ಆ ಮೂವರಿಗೂ ತಿಳಿಯದು. ಯಾವ ಮೊತ್ತಕ್ಕೆ ಎಚ್ಚರಿಕೆಯ ಗಂಟೆ ಹೊಡೆಯುತ್ತದೆ, ಯಾವ ಹೊತ್ತಿನಲ್ಲಿ ಯಾರೂ ನೋಡುವುದಿಲ್ಲ, ಇದನ್ನು ಹೇಳಿಕೊಡಲು ಒಳಗಿದ್ದು ಬಂದವನೊಬ್ಬ ಬೇಕಿತ್ತು.

ಅವನು ತಕ್ಷಣ ಒಪ್ಪಲಿಲ್ಲ. ಇಂಥ ಗುಂಪುಗಳು ಇವತ್ತಲ್ಲ ನಾಳೆ ಸಿಕ್ಕಿಬೀಳುತ್ತವೆ ಎಂಬುದು ಅವನಿಗೆ ಗೊತ್ತಿತ್ತು. ಒಬ್ಬ ಸಿಕ್ಕಿದರೆ ಉಳಿದವರನ್ನೂ ಎಳೆಯುತ್ತಾನೆ. ಆದ್ದರಿಂದ ಸಿಕ್ಕಿಬೀಳದಿರುವ ದಾರಿಯನ್ನು ಅವನು ಹುಡುಕಲೇ ಇಲ್ಲ. ತನ್ನ ಬದಲು ಬೇರೆ ಯಾರು ಸಿಕ್ಕಿಬೀಳಬೇಕು ಎಂದು ಹುಡುಕಿದ.

ಉತ್ತರವನ್ನು ಅತ್ತಿಗೆಯೇ ಫೋನು ಮಾಡಿ ಕೊಟ್ಟಳು. ಅಣ್ಣನ ಸಕ್ಕರೆ ಕಾಯಿಲೆ ಎರಡೂ ಮೂತ್ರಪಿಂಡಗಳನ್ನು ತಿಂದುಹಾಕಿದೆ, ವಾರಕ್ಕೆ ಮೂರು ಸಲ ಡಯಾಲಿಸಿಸ್ ಶುರುವಾಗಿದೆ, ಡಾಕ್ಟರು ಹೆಚ್ಚೆಂದರೆ ಒಂದೂವರೆ ವರ್ಷ ಅಂದಿದ್ದಾರೆ. ತನಗೆ ಲಾಂಡ್ರಿ ಕೆಲಸ ಬಿಡುವ ಹಾಗಿಲ್ಲ, ಮಂಗಳವಾರ ಶುಕ್ರವಾರ ನೋಡಿಕೊಳ್ಳಲು ಯಾರೂ ಇಲ್ಲ.

"ನಾನಿದ್ದೀನಲ್ಲ ಅತ್ತಿಗೆ," ಅಂದ ಅವನು.

ಸತ್ತವನ ಮೇಲೆ ಮೊಕದ್ದಮೆ ನಡೆಯುವುದಿಲ್ಲ. ಆದರೆ ಆಗಲೇ ಸತ್ತವನ ಹೆಸರಿನಲ್ಲಿ ಕದ್ದರೆ ಎಂಥ ದಡ್ಡ ಪೊಲೀಸನಿಗೂ ಗೊತ್ತಾಗುತ್ತದೆ. ಕದಿಯುವಾಗ ಆ ಮನುಷ್ಯ ಬದುಕಿರಬೇಕು, ಹಿಡಿಯಲು ಬರುವಾಗ ಇರಬಾರದು. ಕಂಪ್ಯೂಟರ್ ಬಲ್ಲವನಾಗಿರಬೇಕು, ಬ್ಯಾಂಕು ಬಲ್ಲವನಾಗಿರಬೇಕು, ಇಡೀ ದಿನ ಮನೆಯಲ್ಲಿರಬೇಕು. ಅಣ್ಣನನ್ನು ಅಳತೆ ಕೊಟ್ಟು ಹೊಲಿಸಿದ ಹಾಗಿತ್ತು.

ವಾರಕ್ಕೆರಡು ದಿನ ಬೆಳಗ್ಗೆ ಹತ್ತಕ್ಕೆ ಸರಿಯಾಗಿ ಅವನು ಹೋಗುತ್ತಿದ್ದ. ಅಣ್ಣ ಕಿಟಕಿಯ ಪಕ್ಕದ ಒರಗುಕುರ್ಚಿಯಲ್ಲಿ, ಅವನು ಎದುರಿನ ಮೇಜಿನ ಮೇಲಿದ್ದ ಅಣ್ಣನ ಹಳೆಯ ಕಂಪ್ಯೂಟರಿನ ಮುಂದೆ. ಅಂಗಡಿಗಳ ಲೆಕ್ಕ ಬರೆಯುವ ಕೆಲಸ ಹಿಡಿದಿದ್ದೇನೆ ಎಂದು ಹೇಳಿದ್ದ. ಗುಂಪಿನ ಜೊತೆಗಿನ ಪ್ರತಿ ಮಾತು, ಹುಳಕ್ಕೆ ಹೋಗುವ ಪ್ರತಿ ಆಜ್ಞೆ ಆ ಯಂತ್ರದಿಂದ, ಆ ಮನೆಯ ಸಂಪರ್ಕದಿಂದಲೇ ಹೊರಡುತ್ತಿತ್ತು. ತನ್ನ ಅಡ್ಡಹೆಸರು 'ಯಜಮಾನ' ಎಂದಿಟ್ಟುಕೊಂಡ. ಅಣ್ಣನ ಹಳೆಯ ಸುತ್ತೋಲೆಗಳನ್ನು ಓದಿ ಅವನ ಬರವಣಿಗೆಯ ಚಾಳಿ ಕಲಿತ. ಅಣ್ಣ ಡಯಾಲಿಸಿಸ್‌ಗೆ ಹೋದ ದಿನ, ಜ್ವರ ಬಂದು ಮಲಗಿದ ದಿನ ಒಂದಕ್ಷರವನ್ನೂ ಒತ್ತುತ್ತಿರಲಿಲ್ಲ. ಆಸ್ಪತ್ರೆಯ ಚೀಟಿಗಳನ್ನು ಅತ್ತಿಗೆಗಿಂತ ಅಚ್ಚುಕಟ್ಟಾಗಿ ಜೋಡಿಸಿಟ್ಟವನು ಅವನೇ. ನಾಳೆ ಯಾರಾದರೂ ತಾಳೆ ನೋಡಿದರೆ ಒಂದು ಗಂಟೆಯ ವ್ಯತ್ಯಾಸವೂ ಸಿಗಬಾರದು. ತನ್ನ ಫೋನನ್ನಂತೂ ಯಾವತ್ತೂ ಆ ಮನೆಗೆ ತರಲಿಲ್ಲ.

ಪಾಲಿನ ಹಣ ಸೇರಲು ಅಣ್ಣನ ಹೆಸರಿನಲ್ಲಿ ಒಂದು ಡಿಜಿಟಲ್ ಖಾತೆ ಬೇಕಿತ್ತು. ಅದಕ್ಕೆ ಅಣ್ಣ ಕ್ಯಾಮರಾದ ಎದುರು ಮುಖ ತೋರಿಸಬೇಕಿತ್ತು. ಪಿಂಚಣಿಯವರು ನೀನು ಬದುಕಿದ್ದೀಯೋ ಇಲ್ಲವೋ ನೋಡಬೇಕಂತೆ ಅಂದ.

"ಬದುಕಿದ್ದೀನಾ? ಕೇಳಿ ನನಗೂ ಸ್ವಲ್ಪ ಹೇಳು," ಎಂದು ಅಣ್ಣ ನಕ್ಕ. ಕಾಯಿಲೆ ಬಂದ ಮೇಲೆ ಅವನಿಗೆ ಇಂಥ ತಮಾಷೆ ಹೆಚ್ಚಾಗಿತ್ತು. ವಾರಕ್ಕೆ ಮೂರು ಸಲ ನನ್ನನ್ನು ರೀಸ್ಟಾರ್ಟ್ ಮಾಡ್ತಾರೆ, ಆದರೂ ಹ್ಯಾಂಗ್ ಆಗ್ತೀನಿ ಎಂದು ನರ್ಸುಗಳನ್ನು ನಗಿಸುತ್ತಿದ್ದನಂತೆ. ನೇರ ನೋಡು, ಸ್ವಲ್ಪ ಎಡಕ್ಕೆ, ಹಾಂ, ಅಲ್ಲೇ ಎಂದು ಎರಡು ಮೂರು ಸಲ ಹೇಳಬೇಕಾಯಿತು. ಖಾತೆ ತೆರೆಯಿತು.

ಹಣ ಬರತೊಡಗಿತು. ಬಂದದ್ದನ್ನು ಸಣ್ಣ ಸಣ್ಣ ತುಂಡು ಮಾಡಿ ಅವನು ಕ್ರಿಪ್ಟೋ ಹಣವಾಗಿಸಿ ತನ್ನ ಗುಟ್ಟಿನ ಡಿಜಿಟಲ್ ತಿಜೋರಿಗೆ ದಾಟಿಸುತ್ತಿದ್ದ. ಅದರ ಬೀಗ ತೆರೆಯುವ ಹನ್ನೆರಡು ಪದಗಳನ್ನು ಎಲ್ಲೂ ಬರೆದಿಡದೆ ಬಾಯಿಪಾಠ ಮಾಡಿಕೊಂಡಿದ್ದ. ಅಣ್ಣನ ಖಾತೆಯಲ್ಲೂ ಒಂದಿಷ್ಟನ್ನು ಬೇಕೆಂದೇ ಉಳಿಸಿದ. ಹುಡುಕಿ ಬಂದವರಿಗೆ ಏನಾದರೂ ಕೈಗೆ ಹತ್ತಬೇಕು, ಬರಿಗೈಯಲ್ಲಿ ಹೋದವರು ಮತ್ತೆ ಬರುತ್ತಾರೆ. ಯಾವುದೋ ದೇಶದ ವೃದ್ಧಾಶ್ರಮವೊಂದರ ಖಾತೆ ಖಾಲಿಯಾಗಿ ಅಲ್ಲಿನ ದಾದಿಯರಿಗೆ ಎರಡು ತಿಂಗಳು ಸಂಬಳವಾಗಲಿಲ್ಲ ಎಂಬ ಸುದ್ದಿಯನ್ನು ಅವನು ಅದೇ ಪರದೆಯ ಮೇಲೆ ಓದಿದ. ಓದಿ, ಪುಟ ಮುಚ್ಚಿ, ಅಣ್ಣನಿಗೆ ಮಾತ್ರೆ ಕೊಡುವ ಹೊತ್ತಾಯಿತೆಂದು ಎದ್ದ.

ಒಂದು ಶುಕ್ರವಾರ ಅಣ್ಣ ಬಹಳ ಹೊತ್ತು ಕೀಲಿಮಣೆಯ ಸದ್ದು ಕೇಳುತ್ತ ಕೂತಿದ್ದ. ಆಮೇಲೆ, ನಿನ್ನ ಬೆರಳು ಇನ್ನೂ ಅಷ್ಟೇ ಚುರುಕು ಕಣೋ, ಎಂದ. ಅವನು ತಿರುಗಲಿಲ್ಲ.

"ಆ ವರದಿ ಬರೀಬಾರ್ದಿತ್ತು ಅಂತ ಎಷ್ಟೋ ಸಲ ಅನ್ನಿಸಿದೆ," ಅಂದ ಅಣ್ಣ. "ಬರೆದಿದ್ದು ಸುಳ್ಳಲ್ಲ. ಆದ್ರೆ ಅದನ್ನ ಬರಿಯೋಕೆ ಬೇರೆಯವರು ಇದ್ರು. ನಾನೇ ಬರೀಬೇಕಿರಲಿಲ್ಲ."

ಅವನ ಬೆರಳು ನಿಂತವು. ಹನ್ನೊಂದು ವರ್ಷ ಈ ಮಾತಿಗಾಗಿ ಕಾದಿದ್ದ. ಈಗ ಅದು ಬಂದಾಗ ಒಳಗೆ ಎಲ್ಲೂ ತಾಗಲಿಲ್ಲ. ಬಂದೇ ಬಿಟ್ಟಿತಲ್ಲ ಎಂಬ ಕಿರಿಕಿರಿ ಮಾತ್ರ ಆಯಿತು. ಇನ್ನು ನಿಲ್ಲಿಸುವುದಾದರೂ ಹೇಗೆ? ಆಗಲೇ ನೂರಾರು ಆಜ್ಞೆಗಳು ಈ ಮನೆಯ ಗುರುತು ಹೊತ್ತು ಹೋಗಿದ್ದವು. ಹಳೇದೆಲ್ಲ ಯಾಕೆ ಬಿಡಣ್ಣ, ಎಂದು ಅವನ ಹೊದಿಕೆ ಸರಿಮಾಡಿ, ಬಂದು ಅರ್ಧಕ್ಕೆ ನಿಂತ ಸಾಲನ್ನು ಮುಗಿಸಿದ.

ಡಾಕ್ಟರು ಹೇಳಿದ್ದಕ್ಕಿಂತ ಎರಡು ತಿಂಗಳು ಮೊದಲೇ ಅಣ್ಣ ಹೋದ. ಆ ವಾರವೇ 'ಯಜಮಾನ' ಕೂಡ ಮೌನಿಯಾದ. ಅಂತ್ಯಕ್ರಿಯೆಗೆ ಬಂದ ಬ್ಯಾಂಕಿನವರು ಅವನ ಭುಜ ಹಿಡಿದು, ಒಡಹುಟ್ಟಿದವರು ಅಂದರೆ ಹೀಗಿರಬೇಕು ಅಂದರು. ತನ್ನ ಕೆಲಸ ತೆಗೆಸಿದ ಅಣ್ಣನನ್ನೇ ಕೊನೇವರೆಗೂ ನೋಡಿಕೊಂಡನಲ್ಲ ಎಂದು ಅವನಿಗೆ ಕೇಳಿಸುವ ಹಾಗೆಯೇ ಮಾತಾಡಿಕೊಂಡರು. ಅವನು ಕತ್ತು ಬಗ್ಗಿಸಿ ನಿಂತಿದ್ದ. ಅತ್ತಿಗೆ ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಐದು ತಿಂಗಳ ಮೇಲೆ ಸುದ್ದಿ ಬಂತು. ಮೂರು ದೇಶಗಳಲ್ಲಿ ಒಂದೇ ದಿನ ಬಾಗಿಲು ಬಡಿದು ನೇಕಾರ, ಅಂಚೆಯವ, ದಲಾಲಿ ಮೂವರನ್ನೂ ಹಿಡಿದಿದ್ದರು. ಆರೋಪಪಟ್ಟಿಯನ್ನು ಎಲ್ಲರೂ ಓದುವಂತೆ ಪ್ರಕಟಿಸಿದ್ದರು. ಅವನು ಅದನ್ನು ಪತ್ರಿಕೆಯಲ್ಲಿ ಓದಿದ. ನಲವತ್ತೊಂದು ಸಾವಿರ ಕಂಪ್ಯೂಟರುಗಳು. ನಾಲ್ಕನೆಯ ಆರೋಪಿ, 'ಯಜಮಾನ' ಎಂಬ ಅಡ್ಡಹೆಸರಿನವನು, ಇಡೀ ಗುಂಪಿನ ಮಿದುಳು ಎಂದಿತ್ತು. ಆ ಪದದ ಮೇಲೆ ಅವನ ಕಣ್ಣು ಬಹಳ ಹೊತ್ತು ನಿಂತಿತು. ಯಾರಿಗೂ ತೋರಿಸುವ ಹಾಗಿಲ್ಲವಲ್ಲ ಎಂದು ಒಂದು ಗಳಿಗೆ ನಿಜವಾಗಿಯೂ ಬೇಜಾರಾಯಿತು.

ಸುದ್ದಿ ಬಂದ ಹತ್ತನೆಯ ದಿನ ಅತ್ತಿಗೆ, ಮನೆಗೆ ಪೊಲೀಸರು ಬಂದಿದ್ದಾರೆಂದು ಗಾಬರಿಯಿಂದ ಫೋನು ಮಾಡಿದಳು. ಅವನು ಗಡ್ಡ ಬೋಳಿಸದೆ, ಮಾಸಿದ ಅಂಗಿಯಲ್ಲೇ ಹೋದ. ತನಿಖೆಯ ಅಧಿಕಾರಿ ಐವತ್ತರ ಆಸುಪಾಸಿನ, ದನಿ ಏರಿಸದ ಹೆಂಗಸು. ಜೊತೆಗೆ ಬರೆದುಕೊಳ್ಳಲು ಒಬ್ಬ. ನಾವು ಹುಡುಕುತ್ತಿರುವುದು ಯಜಮಾನ ಅನ್ನುವವರನ್ನು ಎಂದು ಅವಳು ಹೇಳಿದಾಗ ಅತ್ತಿಗೆ, "ಯಜಮಾನ್ರು ಹೋಗಿ ಐದು ತಿಂಗಳಾಯ್ತಲ್ಲ," ಅಂದಳು. ಅವನು ನೆಲ ನೋಡಿದ. ತಾನೇ ಬರೆದುಕೊಟ್ಟಿದ್ದರೂ ಅವಳು ಇಷ್ಟು ಚೆನ್ನಾಗಿ ಹೇಳುತ್ತಿರಲಿಲ್ಲ.

ಅತ್ತಿಗೆ ಚಹಾ ಮಾಡಲು ಒಳಗೆ ಹೋದಳು. ಅಧಿಕಾರಿ ಕೇಳಿದ್ದಕ್ಕೆಲ್ಲ ಅವನು ಮೊದಲು ಇಲ್ಲ, ಸಾಧ್ಯವೇ ಇಲ್ಲ ಅಂದ. ಅಣ್ಣನ ಪ್ರಾಮಾಣಿಕತೆಯ ಬಗ್ಗೆ ಹೇಳುತ್ತ ಗದ್ಗದಿತನಾದ. ಮನೆಯ ಸಂಪರ್ಕದ ದಾಖಲೆ, ತಾರೀಖು, ಗಂಟೆ ಎಲ್ಲ ಮುಂದಿಟ್ಟ ಮೇಲೆ ಕುಸಿದವನಂತೆ ಒರಗಿಕೊಂಡ. ಎಷ್ಟು ಹೊತ್ತು ತಡೆದು ಬಾಯಿ ಬಿಡಬೇಕೆಂದು ಮೊದಲೇ ಲೆಕ್ಕ ಹಾಕಿದ್ದ.

"ಕಂಪ್ಯೂಟರ್ ಮುಂದೆ ಕೂತ್ರೆ ಏಳ್ತಿರಲಿಲ್ಲ ಮೇಡಂ. ಮೂರು ಗಂಟೆ, ನಾಲ್ಕು ಗಂಟೆ. ಉದ್ದುದ್ದ ಏನೋ ಓದ್ತಿದ್ದ, ಟೈಪ್ ಮಾಡ್ತಿದ್ದ. ನಾನು ಹತ್ತಿರ ಹೋದ್ರೆ ಪುಟ ಮುಚ್ಚಿಬಿಡೋನು. ಕಣ್ಣಾರೆ ನೋಡಿದ್ದೀನಿ. ಕಾಯಿಲೆ ಮನುಷ್ಯ, ಹೊತ್ತು ಹೋಗ್ಲಿ ಅಂತ ಸುಮ್ಮನಿದ್ದೆ."

ಆ ಯಂತ್ರವನ್ನು ಮನೆಯಲ್ಲಿ ಬೇರೆ ಯಾರು ಮುಟ್ಟುತ್ತಿದ್ದರು ಎಂದು ಅವಳು ಕೇಳಿದಳು. ಅತ್ತಿಗೆಗೆ ಅದನ್ನು ಆನ್ ಮಾಡಲೂ ಬಾರದು, ಬೇರೆ ಯಾರೂ ಈ ಮನೆಗೆ ಬರುತ್ತಿರಲಿಲ್ಲ ಎಂದು ಅವನು ಖಂಡಿತವಾಗಿ ಹೇಳಿದ. ಪರದೇಶದ ನ್ಯಾಯಾಲಯಕ್ಕೆ ಕಳಿಸಬೇಕು, ಸತ್ತವರ ಮೇಲಿನ ಆರೋಪ ಕೈಬಿಡಲು ಇಷ್ಟು ಕಾಗದ ಬೇಕಾಗುತ್ತದೆ ಎಂದು ಅವಳು ಹೇಳಿಕೆಯನ್ನು ಓದಿಸಿ ಸಹಿ ಮಾಡಿಸಿಕೊಂಡಳು. ಅವನು ನಿಧಾನವಾಗಿ, ಓದಲು ಬರುವಂತೆ ಸಹಿ ಹಾಕಿದ. ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು.

ಅತ್ತಿಗೆ ಚಹಾ ತಂದಿಟ್ಟಳು. ನಿಮ್ಮ ಯಜಮಾನರು ಕಂಪ್ಯೂಟರಿನಲ್ಲಿ ಗಂಟೆಗಟ್ಟಲೆ ಓದಿ ಬರೆಯುತ್ತಿದ್ದರಂತೆ, ನಿಮಗೂ ಹೇಳುವುದೇನಾದರೂ ಇದೆಯೇ ಎಂದು ಅಧಿಕಾರಿ ಕೇಳಿದ್ದು ಬರೀ ಕ್ರಮಕ್ಕೆ. ಇವರು ಅಂಥವರಲ್ಲ ಅಂದರೆ ಹೆಂಡತಿ ಇನ್ನೇನು ಹೇಳ್ತಾಳೆ ಅಂತೀರಿ ಎಂದು ಅತ್ತಿಗೆ ಸೆರಗಿನಲ್ಲಿ ಕೈ ಒರೆಸಿಕೊಂಡಳು. "ಆದ್ರೆ ಮೇಡಂ, ಇವರು ಓದೋದು ಬರಿಯೋದು ಎಲ್ಲಿ ಬಂತು? ಇವರಿಗೆ ಕಣ್ಣೇ ಹೋಗಿತ್ತಲ್ಲ. ಬಾಗಿಲು, ಗೋಡೆ, ಎದುರಿಗೆ ಯಾರೋ ನಿಂತಿದ್ದಾರೆ ಅನ್ನೋಷ್ಟು ಕಾಣ್ತಿತ್ತು, ನಟ್ಟನಡುವೆ ಮಾತ್ರ ಕಪ್ಪು. ಅಕ್ಷರ ಒಂದೂ ಕಾಣ್ತಿರಲಿಲ್ಲ. ಡಯಾಲಿಸಿಸ್ ಶುರುವಾಗೋ ಮುಂಚೇನೇ, ಸಕ್ಕರೆಯಿಂದ. ಕಣ್ಣಿನ ಡಾಕ್ಟರ ಚೀಟಿ ತಾರೀಖಿನ ಸಮೇತ ನನ್ನ ಬೀರುವಿನಲ್ಲಿದೆ." ಮತ್ತೆ ಮೈದುನನ ಕಡೆ ತಿರುಗಿ, ತಪ್ಪು ಮಾಡಿದವಳಂತೆ, "ನಿನಗೆ ಹೇಳಲೇಬೇಡ ಅಂತ ಆಣೆ ಹಾಕಿಸಿಕೊಂಡಿದ್ರಪ್ಪ," ಅಂದಳು. "ಈಗಲೇ ನನಗೋಸ್ಕರ ಎರಡು ದಿನ ಕೆಲಸ ಬಿಟ್ಟು ಬರ್ತಾನೆ, ಇದೂ ಗೊತ್ತಾದ್ರೆ ದಿನಾ ಬಂದು ಕೂರ್ತಾನೆ, ಅವನ ಹೊಟ್ಟೆಪಾಡು ಏನಾಗ್ಬೇಕು ಅಂತ." ಅಧಿಕಾರಿ ಚಹಾ ಮುಟ್ಟಲಿಲ್ಲ. ಅವನ ಸಹಿಯಿದ್ದ ಹಾಳೆಯನ್ನು ಮತ್ತೊಮ್ಮೆ ಮೊದಲಿನಿಂದ ಓದಿ, ಮಡಿಸದೆ ಹಾಗೆಯೇ ಮುಂದಿಟ್ಟುಕೊಂಡು, ಕುರ್ಚಿಯನ್ನು ಅವನ ಕಡೆಗೆ ತಿರುಗಿಸಿದಳು.