ಎಡಕ್ಕೆ ತಿರುಗದ ಜೀಪು

“ಎಡಕ್ಕೆ! ಚಿಕ್ಕಪ್ಪ, ಎಡಕ್ಕೆ ತಿರುಗಿಸು!”

“ತಿರುಗಿಸ್ತಾನೇ ಇದ್ದೀನಲ್ಲೇ! ಇದು ಆಗಲ್ಲ ಅಂತಿದೆ!”

ಗರ್‌ರ್‌ರ್ ಎಂದಿತು ಜೀಪು. ನಡುರಸ್ತೆಯಲ್ಲೇ ನಿಂತುಬಿಟ್ಟಿತು. ಹಿಂದಿದ್ದ ಬಸ್ಸು ಪೋಂ ಪೋಂ ಎಂದು ಹಾರ್ನ್ ಬಾರಿಸಿತು. ಚಿಕ್ಕಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿ ಬಸ್ಸಿನ ಡ್ರೈವರ್‌ಗೆ ಹಲ್ಲು ಕಿರಿದ. ಆಮೇಲೆ ಸ್ಟೀರಿಂಗನ್ನು ಬಲಕ್ಕೆ ತಿರುಗಿಸಿದ. ಬಲಕ್ಕೆ ಮಾತ್ರ ಜೀಪು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಸಲೀಸಾಗಿ ಹೊರಳಿತು.

ಆದರೆ ಮನೆ ಇದ್ದದ್ದು ಎಡಕ್ಕೆ.

ಪಕ್ಕದ ಸೀಟಿನಲ್ಲಿ ಕುಳಿತವಳು ಚೋಟಿ. ಐದನೇ ಕ್ಲಾಸಿನಲ್ಲಿದ್ದರೂ ಎತ್ತರ ಮಾತ್ರ ಚೋಟುದ್ದ, ಹಾಗಾಗಿ ಮನೆಯಲ್ಲೂ ಶಾಲೆಯಲ್ಲೂ ಅವಳಿಗೆ ಅದೇ ಹೆಸರು. ಜೀಪು ಅವಳ ಅಮ್ಮನದು. ಅಮ್ಮ ದನಕರುಗಳ ಡಾಕ್ಟರ್. ಗುಡ್ಡದ ಮೇಲಿನ ಕೊಟ್ಟಿಗೆಗಳಿಗೆಲ್ಲ ಕೆಸರು ದಾರಿಯಲ್ಲೇ ಹೋಗಬೇಕು. ಹಳೆಯ ಟೈರುಗಳು ಸವೆದು ಸವೆದು ಬೋಳುತಲೆಯಂತಾಗಿದ್ದವು. ಅವನ್ನು ಬದಲಾಯಿಸಿಕೊಂಡು ಬರಲು ಅಮ್ಮ ಇವರಿಬ್ಬರನ್ನು ಕಳಿಸಿದ್ದಳು.

ಹೊಸ ಟೈರುಗಳೇನೋ ಬಂದವು. ಎಂಥವು ಅಂತೀರಿ! ಒಂದೊಂದೂ ಡುಮ್ಮಣ್ಣ. ಜೀಪಿನ ಎಡಗಡೆಯ ಮಡ್‌ಗಾರ್ಡಿಗೆ ಹೋದ ವರ್ಷ ಚಿಕ್ಕಪ್ಪ ಗೇಟಿನ ಕಂಬವನ್ನು ಪರಿಚಯ ಮಾಡಿಸಿದ್ದ. ಅಂದಿನಿಂದ ಅದು ಒಳಕ್ಕೆ ಬಗ್ಗಿಕೊಂಡೇ ಇತ್ತು. ಎಡಕ್ಕೆ ತಿರುಗಿಸಿದರೆ ಸಾಕು, ಡುಮ್ಮಣ್ಣ ಹೋಗಿ ಅದಕ್ಕೆ ಉಜ್ಜುತ್ತಿದ್ದ. ಚಿಕ್ಕಪ್ಪ ಇಳಿದು ಮಡ್‌ಗಾರ್ಡಿಗೆ ಜೋರಾಗಿ ಒದ್ದು ನೋಡಿದ. ಮಡ್‌ಗಾರ್ಡಿಗೆ ಏನೂ ಆಗಲಿಲ್ಲ. ಚಿಕ್ಕಪ್ಪ ಒಂಟಿ ಕಾಲಿನಲ್ಲಿ ಕುಣಿದ.

“ಮೂರು ಸಲ ಬಲಕ್ಕೆ ತಿರುಗಿದ್ರೆ ಒಂದು ಸಲ ಎಡಕ್ಕೆ ತಿರುಗಿದ ಹಾಗೇ ಅಲ್ವಾ?” ಎಂದಳು ಚೋಟಿ.

“ಭಲೇ! ನನ್ನ ಅಣ್ಣನ ಮಗಳು ಅಂದ್ರೆ ಸುಮ್ನೇನಾ!”

ಹೀಗೆ ಪ್ರತಿ ಎಡ ತಿರುವಿಗೂ ಬಲಕ್ಕೆ, ಮತ್ತೆ ಬಲಕ್ಕೆ, ಮತ್ತೆ ಬಲಕ್ಕೆ ಸುತ್ತಿದರು. ಕ್ಷೌರದಂಗಡಿಯ ಮುಂದೆ ಮೊದಲ ಸಲ ಹಾದಾಗ ಅಂಗಡಿಯವನು ಕೈ ಬೀಸಿದ. ಎರಡನೇ ಸಲ, ಅರ್ಧ ಮುಖಕ್ಕೆ ನೊರೆ ಮೆತ್ತಿಕೊಂಡಿದ್ದ ಗಿರಾಕಿಯೂ ಕೈ ಬೀಸಿದ. ಮೂರನೇ ಸಲ ಅಂಗಡಿಯವನು ಬಾಗಿಲಿಗೇ ಬಂದು, “ಕಟಿಂಗ್ ಬೇಕಿದ್ರೆ ಬಾಯ್ಬಿಟ್ಟು ಹೇಳಿ, ನಾಚ್ಕೋಬೇಡಿ!” ಎಂದು ಕೂಗಿದ.

ಚಿಕ್ಕಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಚೋಟಿಗೆ ನಗು ಬರಲಿಲ್ಲ. ಯಾಕೆಂದರೆ ಈ ಡುಮ್ಮಣ್ಣರನ್ನು ತರಲು ಅಮ್ಮ ಹೇಳಿರಲೇ ಇಲ್ಲ.

ಬೆಳಿಗ್ಗೆ ಅಮ್ಮ ಒಂದು ಕೈಯಲ್ಲಿ ತಲೆ ಬಾಚುತ್ತಾ, ಇನ್ನೊಂದರಲ್ಲಿ ಫೋನ್ ಹಿಡಿದು ಯಾರದೋ ಮೇಕೆಯ ಹೊಟ್ಟೆನೋವಿನ ಕತೆ ಕೇಳುತ್ತಲೇ ಹೇಳಿದ್ದಳು: “ಟೈರಿನ ಮೇಲೆ ನಂಬರ್ ಇರತ್ತೆ. ಮೊದಲನೇದು ಅಗಲ. ಇನ್ನೂರ ಹದಿನೈದು. ನಿನ್ನ ಚಿಕ್ಕಪ್ಪನ ತಲೇಲಿ ಏನೂ ನಿಲ್ಲಲ್ಲ, ನೀನು ನೆನಪಿಟ್ಕೋ.”

“ಇನ್ನೂ ಅಗಲದ್ದು ಬೇಡ್ವಾ ಅಮ್ಮ?”

“ಬೇಡ. ಮರಳಲ್ಲಿ ಓಡಿಸೋರಿಗೆ ಅದು. ನಮ್ಮ ದಾರೀಲಿ ಮೇಲೆ ಕೆಸರು, ಕೆಳಗೆ ಗಟ್ಟಿ ನೆಲ. ಸಪೂರ ಟೈರು ಕೆಸರನ್ನ ಸೀಳ್ಕೊಂಡು ಹೋಗಿ ನೆಲ ಹಿಡಿಯತ್ತೆ.”

ಚೋಟಿಗೆ ಅದೆಲ್ಲ ಅರ್ಥವಾಗಿತ್ತು. ಆದರೆ ಕ್ಲಾಸಿನಲ್ಲೊಬ್ಬ ಹುಡುಗನಿದ್ದ, ಎಲ್ಲರೂ ಅವನನ್ನು ಜಂಬದ ಕೋಳಿ ಎನ್ನುತ್ತಿದ್ದರು. ಅವನಪ್ಪನ ಜೀಪಿಗೆ ಇಷ್ಟಗಲದ ಟೈರುಗಳು. “ನಿಮ್ಮ ಜೀಪಿಗೆ ಸೈಕಲ್ ಟೈರಾ?” ಎಂದು ಅವನು ಕೇಳಿದಾಗ ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತ್ತು. ಟೈರ್ ಅಂಗಡಿಯಲ್ಲಿ ಆ ಡುಮ್ಮಣ್ಣರ ಸಾಲು ಕಂಡದ್ದೇ ತಡ, ಅವಳ ಕಣ್ಣು ಅಲ್ಲೇ ಅಂಟಿಕೊಂಡಿತು.

“ಇದನ್ನ ಹಾಕಿದ್ರೆ ಜೀಪಲ್ಲ ಕಣೇ, ಟ್ಯಾಂಕು!” ಎಂದು ಚಿಕ್ಕಪ್ಪನೂ ಕುಣಿದ.

ಅಂಗಡಿಯಾಕೆ ಮಾತ್ರ ಚೋಟಿಯನ್ನೇ ಕೇಳಿದಳು. “ಡಾಕ್ಟರಮ್ಮ ಯಾವ ಅಗಲ ಹೇಳಿದ್ದಾರೆ ಪುಟ್ಟಿ?”

“ಇನ್ನೂರ ಅರವತ್ತೈದು.” ಮಾತು ಬಾಯಿಂದ ಜಾರಿಯೇಬಿಟ್ಟಿತು.

“ಹೌದಾ? ಈ ಮಡ್‌ಗಾರ್ಡಿಗೆ ತಾಗಬಹುದು, ನೋಡಿ.”

“ಅತ್ತಿಗೆ ಹೇಳಿದ್ಮೇಲೆ ಮುಗೀತು,” ಎಂದ ಚಿಕ್ಕಪ್ಪ. “ಅವರು ಯೋಚನೆ ಮಾಡದೆ ಏನೂ ಹೇಳಲ್ಲ.”

ಅಂತೂ ಇಂತೂ ಜೀಪು ಮನೆ ಸೇರಿತು. ಅಮ್ಮ ಔಷಧಿ ಚೀಲ ಹಿಡಿದು ಗೇಟಿನಲ್ಲೇ ಕಾಯುತ್ತಿದ್ದಳು.

“ಎಷ್ಟು ಹೊತ್ರೋ! ಗುಡ್ಡದ ಮೇಲೆ ಒಂದು ಕರು ಬಕೆಟ್ ಒಳಗೆ ತಲೆ ಸಿಕ್ಕಿಸ್ಕೊಂಡಿದೆ. ಬಕೆಟ್ ಸಮೇತ ಕೊಟ್ಟಿಗೆ ತುಂಬ ಓಡಾಡ್ತಿದೆಯಂತೆ, ಹತ್ರ ಹೋದೋರಿಗೆಲ್ಲ...” ಅಷ್ಟರಲ್ಲಿ ಅವಳ ಕಣ್ಣು ಟೈರಿನ ಮೇಲೆ ಬಿತ್ತು. “ಇದೇನಿದು?”

“ನೀವೇ ಹೇಳಿದ್ರಂತಲ್ಲ ಅತ್ತಿಗೆ, ಇನ್ನೂರ ಅರವತ್ತೈದು,” ಎಂದ ಚಿಕ್ಕಪ್ಪ.

ಅಮ್ಮ ಚೋಟಿಯ ಕಡೆ ನೋಡಿದಳು. ಚೋಟಿ ತನ್ನ ಚಪ್ಪಲಿಯ ಕಡೆ ನೋಡಿದಳು. ಈಗ ಬೈಗುಳ ಬೀಳುತ್ತದೆ ಎಂದು ಕಣ್ಣು ಮುಚ್ಚಿಕೊಂಡಳು.

“ನಾನು ಹಾಗಂದ್ನಾ?” ಅಮ್ಮ ಹಣೆ ಉಜ್ಜಿಕೊಂಡಳು. “ಹದಿನೈದು ಅಂದ ನೆನಪು... ಫೋನಲ್ಲಿದ್ನಲ್ಲ, ಬಾಯಿ ತಪ್ಪಿರಬೇಕು. ಹತ್ತಿ, ಹತ್ತಿ.”

ಚೋಟಿ ಕಣ್ಣು ತೆರೆದು ಮೆಲ್ಲಗೆ ಜೀಪು ಹತ್ತಿದಳು. ಬೈದಿದ್ದರೇ ಚೆನ್ನಾಗಿರುತ್ತಿತ್ತು.

ಗುಡ್ಡದ ದಾರಿಯಲ್ಲಿ ಎಡ ತಿರುವುಗಳೇ ಹೆಚ್ಚು. ಈಗ ಅಮ್ಮನೇ ಓಡಿಸುತ್ತಿದ್ದಳು. “ಬಲಕ್ಕೆ ತಿರುಗಿಸಿ ರಿವರ್ಸ್ ಹೋದ್ರೆ ಜೀಪಿನ ಮೂತಿ ತಾನಾಗೇ ಎಡಕ್ಕೆ ಬರತ್ತೆ,” ಎಂದು ಒಂದು ಉಪಾಯ ತೆಗೆದಳು. ಪ್ರತಿ ತಿರುವಿನಲ್ಲೂ ಚಿಕ್ಕಪ್ಪ ಇಳಿದು, ಹಿಂದೆ ನಿಂತು, “ಬನ್ನಿ, ಬನ್ನಿ, ಬನ್ನಿ!” ಎನ್ನಬೇಕು. ಒಂದು ಕಡೆ ಅವನ “ಬನ್ನಿ” ಮುಗಿಯುವುದರೊಳಗೆ ಜೀಪು ಹುಲ್ಲಿನ ಬಣವೆಗೆ ನುಗ್ಗಿತು. ಚಿಕ್ಕಪ್ಪ ಬಣವೆಯ ಇನ್ನೊಂದು ಬದಿಯಿಂದ ಹೊರಬಂದ. ಮುಂದೆ ಕೆಸರಿನಲ್ಲಿ ಡುಮ್ಮಣ್ಣರು ಜಾರತೊಡಗಿದರು, ಮತ್ತೆ ಅವನೇ ಇಳಿದು ನೂಕಿದ. ವಾಪಸ್ ಹತ್ತಿದಾಗ ಅವನ ಕಣ್ಣುಗಳು ಮಾತ್ರ ಕಾಣುತ್ತಿದ್ದವು.

ಕೊಟ್ಟಿಗೆಯಲ್ಲಿ ಅಮ್ಮ ಕರುವಿನ ಕಿವಿಗಳ ಸುತ್ತ ಸೋಪಿನ ನೀರು ಸವರಿ, ಉಪಾಯವಾಗಿ ಬಕೆಟ್ ಎಳೆದಳು. ಪ್ಲಕ್ ಎಂದು ತಲೆ ಹೊರಬಂತು. ಕರು ಸುತ್ತಲೂ ನೋಡಿ, ಚಿಕ್ಕಪ್ಪನನ್ನೇ ಆರಿಸಿಕೊಂಡು ಅವನ ಮುಖದ ಮೇಲೆ ಸೀನಿತು. ಎಲ್ಲರೂ ನಕ್ಕರು.

ಅಮ್ಮ ಮಾತ್ರ ಕೈ ತೊಳೆದವಳೇ ಫೋನ್ ತೆಗೆದಳು.

“ಹಲೋ, ನಿಮ್ಮ ಕುರಿಗೆ ಆ ಔಷಧಿ ದಿನಕ್ಕೆ ಎಷ್ಟು ಸಲ ಅಂತ ಹೇಳಿದ್ದೆ ನಾನು? ಎರಡಾ? ಸರಿ, ಸರಿ.” ಮತ್ತೊಂದು ಕರೆ. “ಮೇಕೆ ಹೊಟ್ಟೆನೋವಿಗೆ ಬೆಳಿಗ್ಗೆ ಏನು ಕೊಡೋಕೆ ಹೇಳಿದೆ?”

“ಡಾಕ್ಟರ್ ನೀವಾ ನಾನಾ?” ಎಂದು ಆ ಕಡೆಯ ಗಂಡಸು ಕೇಳಿದ್ದು ಎಲ್ಲರಿಗೂ ಕೇಳಿಸಿತು.

“ಯಾಕೆ ಅತ್ತಿಗೆ?” ಎಂದ ಚಿಕ್ಕಪ್ಪ.

“ಟೈರಿನ ನಂಬರ್ ತಪ್ಪಿ ಹೇಳಿದೆ ನೋಡು. ಔಷಧೀನೂ ತಪ್ಪಿ ಹೇಳಿದ್ರೆ ಏನು ಗತಿ? ಮೂಕ ಪ್ರಾಣಿಗಳು.” ಅಮ್ಮನ ಮುಖ ಸಪ್ಪಗಾಗಿತ್ತು.

ವಾಪಸ್ ಹೊರಟರು. ಮೊದಲ ಎಡ ತಿರುವು ಬಂತು. ಜೀಪು ನಿಂತಿತು. ಚೋಟಿಗೆ ಇನ್ನು ತಡೆಯಲಾಗಲಿಲ್ಲ.

“ಅಮ್ಮ, ನೀನು ಇನ್ನೂರ ಹದಿನೈದೇ ಹೇಳಿದ್ದೆ. ನಾನೇ ಸುಳ್ಳು ಹೇಳಿದ್ದು. ಅಗಲದ್ದು ಬೇಕಿತ್ತು ನಂಗೆ.”

ಅಮ್ಮ ಎಂಜಿನ್ ಆಫ್ ಮಾಡಿದಳು. “ಹದಿನೈದೇ ಹೇಳಿದ್ನಾ?”

“ಹೂಂ.”

“ಸರಿಯಾಗೇ ಹೇಳಿದ್ನಾ?”

“ಸರಿಯಾಗೇ ಹೇಳಿದ್ದೆ.”

“ಉಸ್ಸಪ್ಪಾ! ಸದ್ಯ, ನನ್ನ ತಲೆ ನೆಟ್ಟಗಿದೆ!” ಎನ್ನುತ್ತಾ ಅಮ್ಮ ಸ್ಟೀರಿಂಗ್ ಮೇಲೆ ತಲೆಯಿಟ್ಟಳು. ಹಾರ್ನ್ ಪೋಂ ಎಂದು ಗುಡ್ಡಕ್ಕೆಲ್ಲ ಕೇಳುವಂತೆ ಕೂಗಿತು.

“ಹಾಗಾದ್ರೆ ನಂದೇನೂ ತಪ್ಪಿಲ್ಲ!” ಎಂದಿತು ಹಿಂದಿನ ಸೀಟಿನ ಕೆಸರುಮುದ್ದೆ.

“ಮಡ್‌ಗಾರ್ಡ್ ಬಗ್ಗಿಸಿದ್ದು ಯಾರೋ?” ಎಂದಳು ಅಮ್ಮ. ಕೆಸರುಮುದ್ದೆ ಕಿವಿಯೊಳಗಿನ ಕೆಸರು ತೆಗೆಯತೊಡಗಿತು.

ಚೋಟಿ ಮೆಲ್ಲಗೆ ಕೇಳಿದಳು. “ಅಮ್ಮ, ನನ್ನ ಮೇಲೆ ಒಂಚೂರೂ ಅನುಮಾನ ಬರ್ಲಿಲ್ವಾ?”

“ನಿನ್ನ ಮೇಲಾ?” ಅಮ್ಮ ಅವಳ ಕಡೆ ತಿರುಗಿದಳು. “ಇಲ್ವಲ್ಲ. ಯಾಕೆ ಬರ್ಬೇಕು?”

ಅಮ್ಮ ತನ್ನ ಬಾಯಿಯನ್ನು, ತನ್ನ ತಲೆಯನ್ನು, ತಾನೇ ಕೊಟ್ಟ ಔಷಧಿಯನ್ನು ಅನುಮಾನಿಸಿದ್ದಳು. ಚೋಟಿಯನ್ನು ಅನುಮಾನಿಸಬಹುದು ಎಂಬುದು ಅವಳಿಗೆ ಹೊಳೆದೇ ಇರಲಿಲ್ಲ.

“ಕೋಪ ಬಂದಿದೆ ನಂಗೆ,” ಎಂದಳು ಅಮ್ಮ. “ಚೆನ್ನಾಗೇ ಬಂದಿದೆ. ಮನೆಗೆ ಹೋಗಿ ಮಾಡ್ಕೋತೀನಿ. ಈಗ ಕತ್ತಲಾಗೋದ್ರೊಳಗೆ ಕೆಳಗಿಳೀಬೇಕು.” ಚಿಕ್ಕಪ್ಪ ಇಳಿಯಲು ಬಾಗಿಲು ತೆರೆದ. “ನೀನು ಬೇಡ ಮಹಾರಾಯ, ಸಾಕು ನಿನ್ನ ಬನ್ನಿ ಬನ್ನಿ. ಚೋಟಿ, ನೀನಿಳಿ. ಹಿಂದೆ ಬರಬಹುದಾ ನೋಡಿ ಹೇಳು.”

“ನಾನಾ?”

“ಮತ್ತಿನ್ಯಾರು?”

ಚೋಟಿ ಇಳಿದಳು. ಹಿಂದೆ ಒಂದು ಕಡೆ ಚರಂಡಿ ಇತ್ತು. ಅವಳು ಚರಂಡಿಯ ಅಂಚಿನವರೆಗೂ ನಡೆದು ನೋಡಿದಳು. ದಾರಿಯಲ್ಲಿದ್ದ ಕಲ್ಲನ್ನು ಎತ್ತಿ ಪಕ್ಕಕ್ಕಿಟ್ಟಳು. ನೆಲ ಗಟ್ಟಿಯಿದೆಯೋ ಎಂದು ಕಾಲಿನಿಂದ ಒತ್ತಿದಳು. ನಂಬಿಕೆ ಸಾಲದೆ ಇನ್ನೊಂದು ಸಲ ಒತ್ತಿದಳು.

“ಬಾ ಅಮ್ಮ. ಮೆತ್ತಗೆ ಬಾ.”

ಅಮ್ಮ ಕನ್ನಡಿ ನೋಡಲಿಲ್ಲ, ಹಿಂದಕ್ಕೂ ತಿರುಗಲಿಲ್ಲ. ಚೋಟಿ ಹೇಳಿದಳೆಂದು ಅಷ್ಟು ದೊಡ್ಡ ಜೀಪು ಚರಂಡಿಯ ಕಡೆಗೆ ಹಿಂದೆ ಹಿಂದೆ ಬರತೊಡಗಿತು. ಚೋಟಿ ಚಕ್ರದ ಮೇಲಿಟ್ಟ ಕಣ್ಣು ಮಿಟುಕಿಸದೆ ನಿಂತಳು.