ಬಾಯವ್ವನ ಇಪ್ಪತ್ತೇಳು ಹರಳು

ಮಾರ್ಚ್ ೧೧, ಮಂಗಳವಾರ, ಬೆಳಿಗ್ಗೆ ಒಂಬತ್ತೂವರೆ. ಸುರೇಬಾನದ ರಾಯಪ್ಪ ರಾಮದುರ್ಗ ಠಾಣೆಗೆ ಬಂದವನೇ ಇನ್‌ಸ್ಪೆಕ್ಟರ್ ಪ್ರಣಿತಾ ಅವರ ಮೇಜಿನ ಮೇಲೆ ಒಂದು ಪೆನ್‌ಡ್ರೈವ್ ಇಟ್ಟ.

"ನನ್ನ ಹೇಣ್ತಿ ಬಾಯವ್ವಗ ಪಿತ್ತಕೋಶದಾಗ ಹರಳಾಗಿದ್ವುರಿ. ಇಲ್ಲೇ ಡಾಕ್ಟರ್ ವಿರೂಪಾಕ್ಷ ಅವರು ಹೊಟ್ಟಿಗೆ ನಾಕು ತೂತು ಹಾಕಿ ಆಪರೇಷನ್ ಮಾಡಿದ್ರು. ಐದನೇ ದಿನಕ್ಕ ಮೈ, ಕಣ್ಣು ಎಲ್ಲಾ ಹಳದಿ. ಈಗ ಬೆಳಗಾವಿ ದವಾಖಾನ್ಯಾಗ ಅದಾಳ್ರಿ."

"ಅಲ್ಲೇನಂತಾರ?"

"ಪಿತ್ತ ಹರಿಯೋ ನಾಳಾನ ಕಟ್ ಆಗೇತಂತ. ಜೋಡಸೂಕಿಂತ ಮೊದಲ ಇಲ್ಲಿ ಆಪರೇಷನ್ನಿನ ವಿಡಿಯೋ ನೋಡಬೇಕಂತ. ವಿರೂಪಾಕ್ಷ ಅವರು ಇದನ್ನ ಕೊಟ್ರು. ಇದರಾಗ ನಾಳ ಕಟ್ ಆಗಿದ್ದ ಕಾಣಂಗಿಲ್ಲ, ಇದು ಅಕಿದು ಹೌದೋ ಅಲ್ಲೋ ಅಂತ ಅಲ್ಲಿ ಡಾಕ್ಟರ್ ಕೇಳ್ತಾರ್ರಿ. ಅಕಿ ಉಳೀಬೇಕ್ರಿ ಮೇಡಂ!"

ವೈದ್ಯರ ಕೈತಪ್ಪಿಗೆ ತಜ್ಞರ ಅಭಿಪ್ರಾಯವಿಲ್ಲದೆ ಬಂಧಿಸುವಂತಿಲ್ಲ. ಪ್ರಣಿತಾ ಅದರ ಗೊಡವೆಗೇ ಹೋಗಲಿಲ್ಲ. ವಿಡಿಯೋ ಹಚ್ಚಿದರು. ಕೊನೆಯಲ್ಲಿ ಹೊರತೆಗೆದ ಪಿತ್ತಕೋಶದ ಚೀಲವನ್ನು ಸೀಳಿ ತೋರಿಸಿದ್ದರು. ಒಳಗೆ ಒಂದೇ ಒಂದು ಹರಳು, ಅಡಿಕೆಯಷ್ಟು ದೊಡ್ಡದು.

"ಮೇಡಂ, ತಗದ ಹರಳು ಶೀಶೆದಾಗ ಹಾಕಿ ಮನಿಯವರಿಗೆ ಕೊಡತಾರ," ಎಂದರು ಹೆಡ್ ಕಾನ್‌ಸ್ಟೇಬಲ್ ಕಾಡಪ್ಪ. "ನಮ್ಮ ಅಕ್ಕಂದು ಇನ್ನೂ ಟಿವಿ ಮ್ಯಾಲ ಐತಿ. ಬಂದವರಿಗೆಲ್ಲಾ ಚಾ ಕೊಡೂಕಿಂತ ಮೊದಲ ಅದನ್ನ ತೋರಸ್ತಾಳ."

"ನಮ್ಮನ್ಯಾಗೂ ಐತ್ರಿ!" ಎಂದ ರಾಯಪ್ಪ.

ಮಧ್ಯಾಹ್ನ ೧೨.೧೦. ಸುರೇಬಾನದ ಮನೆಯ ಗೋಡೆಗೂಡಿನಲ್ಲಿ ಶೀಶೆ ಸಿಕ್ಕಿತು. ಚೀಟಿಯ ಮೇಲೆ ಬಾಯವ್ವನ ಹೆಸರು, ಫೆಬ್ರವರಿ ೨೬ರ ತಾರೀಖು. ಪಂಚರ ಮುಂದೆ ಎಣಿಸಿ ಪಂಚನಾಮೆ ಬರೆದರು: ಮೆಣಸಿನ ಕಾಳಿನಷ್ಟು ಸಣ್ಣ ಕಪ್ಪು ಹರಳು, ಇಪ್ಪತ್ತೇಳು. ಎರಡು ಗಂಟೆಗೆ ಎಫ್‌ಐಆರ್ ದಾಖಲಾಯಿತು. ಆರೋಪ, ಸಾಕ್ಷ್ಯ ಮುಚ್ಚಿಟ್ಟು ಸುಳ್ಳು ದಾಖಲೆ ಕೊಟ್ಟದ್ದು.

ಮೂರೂವರೆಗೆ ನರ್ಸಿಂಗ್ ಹೋಮ್. ಪ್ರಣಿತಾ ಶೀಶೆಯನ್ನು ವಿರೂಪಾಕ್ಷರ ಮುಂದಿಟ್ಟರು.

"ಚೀಟಿ ಮ್ಯಾಲಿನ ಅಕ್ಷರ ಯಾರವು?"

"ನನ್ನವ."

"ಇದರಾಗ ಇಪ್ಪತ್ತೇಳು ಹರಳು ಅದಾವು. ನೀವು ಕೊಟ್ಟ ವಿಡಿಯೋದಾಗ ಒಂದ ಐತಿ. ಅದು ಯಾರ ಹೊಟ್ಟಿ, ಡಾಕ್ಟರ್?"

ಅಷ್ಟು ಓದಿದ ಮನುಷ್ಯ, ತಾನೇ ಕೈಯಾರೆ ತುಂಬಿಕೊಟ್ಟ ಶೀಶೆಯನ್ನು ಮರೆತುಬಿಟ್ಟಿದ್ದ! ಡ್ರಾಯರ್ ತೆರೆದು ಇನ್ನೊಂದು ಪೆನ್‌ಡ್ರೈವ್ ತೆಗೆದುಕೊಟ್ಟ.

"ಒಳಗ ಎಲ್ಲಾ ಬಾತು ಅಂಟಿಕೊಂಡಿತ್ರಿ. ಚೀಲದ ಸಣ್ಣ ನಾಳ ಅನ್ಕೊಂಡು ದೊಡ್ಡ ನಾಳಕ್ಕ ಕ್ಲಿಪ್ ಹಾಕಿ ಕತ್ತರಿಸಿಬಿಟ್ಟೆ."

"ಅದಕ್ಕ ನಿಮ್ಮನ್ನ ಹಿಡಿಯಾಕ ಬಂದಿಲ್ರಿ. ಅದನ್ನ ತಜ್ಞರು ನೋಡತಾರ. ಬ್ಯಾರೆಯವರ ವಿಡಿಯೋ ಕೊಟ್ಟೀರೆಲ್ಲಾ, ಅದಕ್ಕ ಬಂದೇನಿ. ನಡೀರಿ."

ಸಂಜೆ ೪.೧೦ಕ್ಕೆ ಬಂಧನ. ಐದರೊಳಗೆ ಅಸಲಿ ವಿಡಿಯೋದ ಪ್ರತಿ ಇಮೇಲ್‌ನಲ್ಲಿ ಬೆಳಗಾವಿ ತಲುಪಿತು. "ಎಲ್ಲಿ ಕಟ್ ಆಗೇತಿ ಅನ್ನೋದು ಚೊಲೋ ಕಾಣಾಕತ್ತೈತಿ, ಜೋಡಸ್ತೇವಿ," ಎಂದು ಅಲ್ಲಿನ ಸರ್ಜನ್ ಫೋನಿನಲ್ಲಿ ಹೇಳಿದರು. ಹೇಳಿದಂತೆ ಜೋಡಿಸಿದರು. ಎರಡು ವಾರಕ್ಕೆ ಬಾಯವ್ವನ ಕಣ್ಣು ಬೆಳ್ಳಗಾದವು. ಎದ್ದು ಕೂತವಳು ಮೊದಲು ಕೇಳಿದ್ದು ತನ್ನ ಶೀಶೆಯನ್ನು.

ವಿರೂಪಾಕ್ಷನ ಹೇಳಿಕೆಯ ಕೊನೆಯನ್ನು ಪ್ರಣಿತಾ ಎರಡು ಸಲ ಓದಿದರು. ಬೆಳಗಾವಿಯ ಆ ಸರ್ಜನ್ ಅವನಿಗೆ ಈ ವಿದ್ಯೆ ಕಲಿಸಿದ ಗುರು. ತಪ್ಪು ಗೊತ್ತಾದ ಸಂಜೆ ಫೋನಿನಲ್ಲಿ ಅವರ ನಂಬರನ್ನು ಆರು ಸಲ ತೆಗೆದಿದ್ದನಂತೆ. ನಾಚಿಕೆಯಾಗಿ ಹಚ್ಚಲಿಲ್ಲವಂತೆ.

ಕಾಡಪ್ಪ ಫೈಲಿಗೆ ದಾರ ಕಟ್ಟುತ್ತ ಅಂದರು, "ಒಂದ ಫೋನ್ ಹಚ್ಚಿದ್ರ ಅವತ್ತ ಮುಗೀತಿತ್ತಲ್ರಿ ಮೇಡಂ."